ಮರುಬಸಿರಿನ ಹಾರೈಕೆ: ಸಿರಾ ಸೀಮೆಯ ಬರೆಯದ ಚರಿತ್ರೆ

ತುಮಕೂರಿನಿಂದ ಸಿರಾ ಪಟ್ಟಣಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ದೊಡ್ಡ ಕೆರೆಯೊಂದರ ಆಸರೆಯಲ್ಲಿ, ಕಳ್ಳಂಬೆಳ್ಳವೆಂಬ ಗ್ರಾಮವಿರುವುದು. ಸಿರಾ ತಾಲ್ಲೂಕಿನ ಹೋಬಳಿಯೊಂದಕ್ಕೆ ಅದು ಕೇಂದ್ರಸ್ಥಳ. ಈ ಸೀಮೆಯ ರಾಜಕೀಯ ಚರಿತ್ರೆಯು ಬಹುಮಂದಿಗೆ ತಿಳಿದದ್ದೇ ಆಗಿದೆ. ರತ್ನಗಿರಿಯ ರಂಗಪ್ಪನಾಯಕನು ಸಿರಾ ಕೋಟೆಗೆ ಅಸ್ತಿಭಾರವನ್ನು ಹಾಕಿದುದು, ಬಿಜಾಪುರದ ಸೈನ್ಯವು ಬಂದು ಅದನ್ನು ವಶಪಡಿಸಿಕೊಂಡುದು, 1687ರಿಂದ 1757ರ ವರೆಗೆ ಸಿರಾ ಮೊಗಲರ ಸುಬೆಯ ರಾಜಧಾನಿಯಾಗಿದ್ದುದು, ಇವೆಲ್ಲವೂ ಪುಸ್ತಕಗಳಲ್ಲಿ ದೊರೆಯುವುವು. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ಣಾಟಿಕಾದ 12ನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳೂ ಅಚ್ಚಾಗಿವೆ. ದಾನ ಕೊಟ್ಟವರ ಹೆಸರು, ಕೆರೆ ಕಟ್ಟಿಸಿದವರ ಹೆಸರು, ತುರುಗಾಳೆಗದಲ್ಲಿ ಮಡಿದ ವೀರರ ಹೆಸರು ಕಲ್ಲಿನ ಮೇಲೆ ನಿಂತಿವೆ. ಆದರೆ ಪ್ರತಿಯೊಂದು ಊರಿನಲ್ಲಿಯೂ, ಪ್ರತಿಯೊಂದು ತಲೆಮಾರಿನಲ್ಲಿಯೂ ನಡೆದು, ಯಾವ ಕಲ್ಲಿನ ಮೇಲೂ ಏರದೆ ಹೋದ ಒಂದು ಸಂಗತಿಯುಂಟು. ಅದು ಬಸಿರು ನಿಲ್ಲದೆ ಇಳಿದುಹೋದ ಹೆಂಗಸಿನ ದುಃಖ. ಅದರ ಬೆನ್ನಿಗೇ ಬರುವ ಮರುಬಸಿರಿನ ಹಾರೈಕೆ. ಈ ಹಾರೈಕೆಗೂ ಒಂದು ಚರಿತ್ರೆಯಿದೆ. ಅದನ್ನು ಶಾಸ್ತ್ರ, ವ್ರತ, ಹೆಸರು, ಖಾನೇಷುಮಾರಿ, ಸೂಲಗಿತ್ತಿಯ ಕೈ ಇವುಗಳಲ್ಲಿ ಹುಡುಕಬೇಕಾಗುವುದು.

ಮೊದಲು ಮಾತನ್ನೇ ಗಮನಿಸಬಹುದು. ಹಳ್ಳಿಯ ಹೆಂಗಸರು 'ಬಸಿರು ನಿಂತಿತು' ಎನ್ನುವರು, 'ಬಸಿರು ಇಳಿಯಿತು' ಎನ್ನುವರು. ಈ ಮಾತುಗಳಲ್ಲಿ ಯಾರ ಮೇಲೆಯೂ ತಪ್ಪಿಲ್ಲ. ನಿಂತದ್ದೂ ಇಳಿದದ್ದೂ ಬಸಿರೇ. ಆದರೆ ಎರಡು ಮೂರು ಸಲ ಹಾಗಾದಲ್ಲಿ ಅದೇ ಹೆಂಗಸಿಗೆ 'ಬಂಜೆ' ಎಂಬ ಹೆಸರು ಅಂಟಿಕೊಳ್ಳುವುದು. ಸಂಸ್ಕೃತದಲ್ಲಿಯೂ ವಂಧ್ಯಾ, ಮೃತವತ್ಸಾ, ಒಂದೇ ಕೂಸನ್ನು ಹೆತ್ತವಳಿಗೆ ಕಾಕವಂಧ್ಯಾ, ಹೀಗೆ ಬಗೆಬಗೆಯ ಹೆಸರುಗಳಿವೆ, ಎಲ್ಲವೂ ಸ್ತ್ರೀಲಿಂಗ. ಬಂಜೆಯೆಂಬ ಶಬ್ದಕ್ಕೆ ಸರಿಯಾದ ಪುಲ್ಲಿಂಗರೂಪವು ಊರಿನ ನಿತ್ಯದ ಮಾತಿನಲ್ಲಿ ಕೇಳಿಬರುವುದಿಲ್ಲ. ಇಬ್ಬರಿಗೆ ಸೇರಿದ ನಷ್ಟವನ್ನು ಭಾಷೆಯು ಒಬ್ಬಳ ಲೆಕ್ಕಕ್ಕೆ ಬರೆದಿಟ್ಟಿತು. ಈ ಲೆಕ್ಕವು ಹೇಗೆ ಹುಟ್ಟಿತು, ಹೇಗೆ ತಿದ್ದಲ್ಪಡುತ್ತ ಬಂದಿತು ಎಂಬುದೇ ಇಲ್ಲಿನ ವಿಚಾರ.

ಪ್ರಾಚೀನ ವೈದ್ಯಶಾಸ್ತ್ರವು ಈ ವಿಷಯದಲ್ಲಿ ಏನು ಹೇಳಿತೆಂಬುದನ್ನು ನೋಡಿದರೆ ಆಶ್ಚರ್ಯವಾಗುವುದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ನಾಲ್ಕನೆಯ ತಿಂಗಳ ವರೆಗೆ ಆಗುವುದು ಗರ್ಭಸ್ರಾವವೆಂದೂ, ಅವಯವಗಳು ಗಟ್ಟಿಗೊಂಡ ಬಳಿಕ ಐದು, ಆರನೆಯ ತಿಂಗಳುಗಳಲ್ಲಿ ಆಗುವುದು ಗರ್ಭಪಾತವೆಂದೂ ವಿಂಗಡಿಸಿರುವುದು. ಅದೇ ಗ್ರಂಥದ ಶಾರೀರಸ್ಥಾನವು ಗರ್ಭೋತ್ಪತ್ತಿಗೆ ಋತು, ಕ್ಷೇತ್ರ, ಅಂಬು, ಬೀಜವೆಂಬ ನಾಲ್ಕು ಸಾಮಗ್ರಿಗಳು ಕೂಡಬೇಕೆಂದು ಹೇಳಿ, ಪೈರಿನ ಮೊಳಕೆಯನ್ನು ದೃಷ್ಟಾಂತವಾಗಿ ಕೊಡುವುದು. ಸಿರಾ ಸೀಮೆಯ ಬೇಸಾಯಗಾರನಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮೊಳಕೆ ಒಣಗಿದಾಗ ಹೊಲವನ್ನು ಮಾತ್ರ ದೂರುವ ಒಕ್ಕಲಿಗನಾರು? ಹದ ತಪ್ಪಿತೆನ್ನುವನು, ಮಳೆ ಕೈಕೊಟ್ಟಿತೆನ್ನುವನು, ಬಿತ್ತನೆಯ ಕಾಳು ಜೊಳ್ಳೆನ್ನುವನು.

ಚರಕಸಂಹಿತೆಯ ಚಿಕಿತ್ಸಾಸ್ಥಾನವು, ಮೇಲಿಂದ ಮೇಲೆ ಗರ್ಭ ನಾಶವಾಗುವ ವ್ಯಾಧಿಗೆ 'ಪುತ್ರಘ್ನೀ' ಎಂಬ ಕಠೋರವಾದ ಹೆಸರನ್ನಿಟ್ಟು, ಅದಕ್ಕೆ ಸ್ತ್ರೀಯ ರಕ್ತದೋಷವನ್ನೂ ವಾಯುವಿನ ರೂಕ್ಷತೆಯನ್ನೂ ಕಾರಣವೆಂದಿದೆ. ಆದರೆ ಅದೇ ಸಂಹಿತೆಯ ಸೂತ್ರಸ್ಥಾನವು, ಪುರುಷನ ಶುಕ್ರವು ಕೆಟ್ಟಿದ್ದರೆ ಗರ್ಭವು ಕಟ್ಟದೆ ಇರಬಹುದು, ಕಟ್ಟಿದರೂ ಸ್ರವಿಸಬಹುದು ಅಥವಾ ಬೀಳಬಹುದು ಎಂದು ಸ್ಪಷ್ಟವಾಗಿ ಹೇಳಿ, ಆ ದೋಷವು ಗಂಡನನ್ನು ಮಾತ್ರವಲ್ಲದೆ ಹೆಂಡತಿಮಕ್ಕಳನ್ನೂ ಬಾಧಿಸುವುದೆಂದು ಎಚ್ಚರಿಸಿದೆ. ಇಷ್ಟೇ ಅಲ್ಲ. ಗರ್ಭವನ್ನು ಕಳೆದುಕೊಂಡವಳಿಗೆ ಕೋಷ್ಠಶುದ್ಧಿಗಾಗಿ ಪಾನೀಯಗಳನ್ನು ವಿಧಿಸುವಲ್ಲಿ, ಅವಳು ನೋವನ್ನು ಮರೆಯಬೇಕು, ಅವಳ ಮನಸ್ಸಿಗೆ ಉಲ್ಲಾಸ ಬರಬೇಕು ಎಂಬ ಪ್ರಯೋಜನಗಳನ್ನೂ ಚರಕನು ಸೇರಿಸಿರುವನು. ಗರ್ಭವನ್ನು ನಿಲ್ಲಿಸುವ ಸಾಧನಗಳಲ್ಲಿ ಮನಸ್ಸಿನ ಪ್ರಸನ್ನತೆಯೇ ಮೇಲೆಂದು ಮತ್ತೊಂದೆಡೆ ಹೇಳಿರುವನು. ಕಳೆದುಕೊಂಡವಳಿಗೆ ಶೋಕವುಂಟೆಂಬುದನ್ನೂ, ಆ ಶೋಕಕ್ಕೆ ಉಪಚಾರ ಬೇಕೆಂಬುದನ್ನೂ ಆ ಕಾಲದ ವೈದ್ಯನು ಬಲ್ಲವನಾಗಿದ್ದನು.

ಈ ವಿದ್ಯೆಯು ಕನ್ನಡಕ್ಕೂ ಇಳಿಯಿತು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನೂ, ಸುಮಾರು 1500ರಲ್ಲಿ ಶ್ರೀಧರದೇವನು ವೈದ್ಯಾಮೃತವನ್ನೂ ರಚಿಸಿದರು. ಆದರೆ ಓಲೆಗರಿಯ ಗ್ರಂಥಕ್ಕೂ ಹಳ್ಳಿಯ ಬಾಣಂತಿಯ ಕೋಣೆಗೂ ನಡುವೆ ದಾರಿ ಉದ್ದವಾಗಿದ್ದಿತು. ಆ ದಾರಿಯಲ್ಲಿ ಸ್ತ್ರೀಯ ದೋಷವು ಊರಿಗೆ ಬಂದು ಸೇರಿತು. ಪುರುಷನ ದೋಷವು ಗ್ರಂಥದಲ್ಲಿಯೇ ಉಳಿಯಿತು.

ಧರ್ಮಶಾಸ್ತ್ರವು ಈ ಅನ್ಯಾಯವನ್ನು ಇನ್ನಷ್ಟು ಗಟ್ಟಿಮಾಡಿತು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ, ಬಂಜೆಯಾದ ಹೆಂಡತಿಯಿದ್ದಲ್ಲಿ ಎಂಟನೆಯ ವರ್ಷದಲ್ಲಿಯೂ, ಹೆತ್ತ ಮಕ್ಕಳು ಸಾಯುತ್ತಿದ್ದಲ್ಲಿ ಹತ್ತನೆಯ ವರ್ಷದಲ್ಲಿಯೂ, ಹೆಣ್ಣುಮಕ್ಕಳೇ ಆಗುತ್ತಿದ್ದಲ್ಲಿ ಹನ್ನೊಂದನೆಯ ವರ್ಷದಲ್ಲಿಯೂ ಗಂಡನು ಬೇರೊಬ್ಬಳನ್ನು ಮದುವೆಯಾಗಬಹುದೆಂಬ ವಿಧಿಯಿರುವುದು. ಆ ಶ್ಲೋಕದಲ್ಲಿ ಬೀಜದೋಷದ ಪ್ರಸ್ತಾಪವಿಲ್ಲ. ವೈದ್ಯನು ಇಬ್ಬರನ್ನೂ ಪರೀಕ್ಷಿಸಬೇಕೆಂದ ಕಡೆಯಲ್ಲಿ, ಸ್ಮೃತಿಕಾರನು ಒಬ್ಬಳಿಗೆ ಮಾತ್ರ ಗಡುವನ್ನಿಟ್ಟನು. ಬಸಿರು ಇಳಿದ ಹೆಂಗಸಿಗೆ ಮರುಬಸಿರೆಂಬುದು ಕೇವಲ ಕೂಸಿನ ಆಸೆಯಾಗಿರಲಿಲ್ಲ. ಅದು ಅವಳು ಮನೆಯಲ್ಲಿ ಉಳಿಯುವ ಪ್ರಶ್ನೆಯಾಗಿದ್ದಿತು. ಸವತಿಯು ಹೊಸಲು ತುಳಿಯುವಳೋ ಇಲ್ಲವೋ ಎಂಬ ಪ್ರಶ್ನೆಯಾಗಿದ್ದಿತು. ಅವಳು ಹೊತ್ತ ಹರಕೆಗಳ ತೀವ್ರತೆಯನ್ನು ಈ ಭಯವನ್ನು ಬಿಟ್ಟು ಅರ್ಥಮಾಡಿಕೊಳ್ಳಲಾಗದು.

ಆ ಹರಕೆಗಳ ಗುರುತು ಇಂದಿಗೂ ಊರೂರಿನಲ್ಲಿದೆ. ಅಶ್ವತ್ಥಕಟ್ಟೆಗಳ ಮೇಲೆ ಸಾಲಾಗಿ ನಿಂತ ನಾಗರಕಲ್ಲುಗಳನ್ನು ನೋಡದವರಾರು? ಪೂರ್ವಜನ್ಮದಲ್ಲಿ ಸರ್ಪವನ್ನು ಕೊಂದ ದೋಷದಿಂದ ಬಸಿರು ನಿಲ್ಲುವುದಿಲ್ಲ, ಹುಟ್ಟಿದ ಕೂಸು ಬದುಕುವುದಿಲ್ಲ ಎಂಬ ನಂಬಿಕೆಯಿಂದ, ಕಲ್ಲಿನಲ್ಲಿ ನಾಗನನ್ನು ಕಡೆಯಿಸಿ, ಕೆಲವು ಕಾಲ ನೀರಿನಲ್ಲಿಟ್ಟು, ಬಳಿಕ ಅಶ್ವತ್ಥದ ಬುಡದಲ್ಲಿ ಪ್ರತಿಷ್ಠೆಮಾಡಿಸುವ ಪದ್ಧತಿಯು ಕನ್ನಡನಾಡಿನಲ್ಲೆಲ್ಲಾ ಹಬ್ಬಿರುವುದು. ಆ ಕಲ್ಲುಗಳ ಮೇಲೆ ಸಾಮಾನ್ಯವಾಗಿ ಅಕ್ಷರಗಳಿರುವುದಿಲ್ಲ. ಆದರೂ ಅವುಗಳಲ್ಲಿ ಎಷ್ಟೋ ಕಲ್ಲುಗಳು ನಿಲ್ಲದೆ ಹೋದ ಬಸಿರುಗಳ ಶಾಸನಗಳೇ ಸರಿ. ವೀರಗಲ್ಲನ್ನು ಓದುವ ವಿದ್ವಾಂಸರು ಈ ಕಲ್ಲುಗಳನ್ನೂ ಓದಬೇಕಾಗಿದೆ. ಇವನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ಸುಲಭ. ಪೂರ್ವಜನ್ಮದ ದೋಷವೆಂಬ ಮಾತು ಈ ಜನ್ಮದ ನಿಂದೆಯಿಂದ ಹೆಂಗಸನ್ನು ಸ್ವಲ್ಪಮಟ್ಟಿಗೆ ಪಾರುಮಾಡುತ್ತಿದ್ದಿತು ಎಂಬುದನ್ನೂ ನೆನೆಯತಕ್ಕದ್ದು. ಕಲ್ಲನ್ನು ನಿಲ್ಲಿಸುವಾಗ ಗಂಡಹೆಂಡಿರಿಬ್ಬರೂ ಕೂಡಿ ಪೂಜೆಗೆ ಕುಳಿತುಕೊಳ್ಳುವರು. ದುಃಖವು ಇಬ್ಬರದೆಂದು ಊರಿನ ಮುಂದೆ ಒಪ್ಪಿಕೊಳ್ಳುತ್ತಿದ್ದ ಸಂದರ್ಭಗಳಲ್ಲಿ ಅದೂ ಒಂದು.

ಇನ್ನೊಂದು ಸಾಕ್ಷ್ಯವು ಜನರ ಹೆಸರುಗಳಲ್ಲಿ ಅಡಗಿದೆ. ಹಿಂದಿನ ಕೂಸುಗಳು ಉಳಿಯದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ, ಅದನ್ನು ತಿಪ್ಪೆಯ ಮೇಲೆ ಕ್ಷಣಹೊತ್ತು ಮಲಗಿಸಿ, ಬೇಡವಾದ ವಸ್ತುವನ್ನು ಎತ್ತಿಕೊಂಡಂತೆ ಎತ್ತಿಕೊಂಡು, ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವುದುಂಟು. ಕಲ್ಲಿನಂತೆ ಗಟ್ಟಿಯಾಗಿ ಉಳಿಯಲೆಂದು ಗುಂಡ, ಕಲ್ಲ ಎಂಬ ಹೆಸರುಗಳನ್ನಿಡುವುದೂ ಉಂಟು. ಮೃತ್ಯುವಿನ ಕಣ್ಣಿಗೆ ಕೂಸು ಬೆಲೆಯಿಲ್ಲದ್ದಾಗಿ ಕಾಣಲಿ ಎಂಬುದು ಇದರ ತಾತ್ಪರ್ಯ. ಆದರೆ ಇಲ್ಲಿ ಅವಸರದ ನಿರ್ಣಯ ಸಲ್ಲದು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತರು ಈ ಸೀಮೆಯಲ್ಲಿ ಬಹಳ ಮಂದಿಯಿರುವುದರಿಂದ, ತಿಪ್ಪೇಸ್ವಾಮಿಯೆಂಬ ಹೆಸರೆಲ್ಲವೂ ಕಳೆದುಹೋದ ಕೂಸಿನ ನೆನಪಲ್ಲ. ಅನೇಕವು ಭಕ್ತಿಯ ಗುರುತುಗಳು. ಹಾಗಿದ್ದರೂ ಯಾವ ಮನೆಯಲ್ಲಿ ಯಾವ ಹೆಸರು ಏಕೆ ಬಂದಿತೆಂದು ಹಿರಿಯ ಹೆಂಗಸರನ್ನು ವಿಚಾರಿಸಿದರೆ, ಹುಟ್ಟಿ ಬದುಕಿದ ಒಬ್ಬನ ಹೆಸರಿನ ಹಿಂದೆ, ಹೆಸರಿಲ್ಲದೆ ಹೋದ ಇಬ್ಬರು ಮೂವರು ನಿಂತಿರುವುದು ಗೊತ್ತಾಗಬಹುದು.

ಒಂದು ಮನೆಗೆ ಬರುವ ಈ ವಿಪತ್ತು ಒಂದು ಕಾಲದಲ್ಲಿ ಸಂಸ್ಥಾನಕ್ಕೆಲ್ಲಾ ಬಂದಿತು. 1876ರಿಂದ 1878ರ ವರೆಗಿನ ಮಹಾಕ್ಷಾಮವು ಮೈಸೂರು ಸಂಸ್ಥಾನವನ್ನು ಬರಿದುಮಾಡಿತು. 1871ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾದ ಜನವು 8,69,224ರಷ್ಟು ಕಡಿಮೆಯಾಯಿತು. ಕ್ಷಾಮವು ಇದ್ದವರನ್ನು ಕೊಲ್ಲುವುದು ಮಾತ್ರವಲ್ಲ, ಹುಟ್ಟಬೇಕಾದವರನ್ನೂ ತಡೆಯುವುದು. ಅನ್ನವಿಲ್ಲದ ದೇಹದಲ್ಲಿ ಋತುವೇ ನಿಂತುಹೋಗುವುದು. ನಿಂತ ಬಸಿರೂ ಇಳಿದುಹೋಗುವುದು. ಇದನ್ನು ಯಾವ ನಾಗದೋಷದಿಂದಲೂ ವಿವರಿಸಲಾಗದು. ಸಾವಿರಾರು ಹೆಂಗಸರ ಒಡಲು ಒಂದೇ ಕಾಲದಲ್ಲಿ ಬರಿದಾದುದಕ್ಕೆ ಕಾರಣವು ಅವರ ಕರ್ಮವಲ್ಲ, ಕಣಜವು ಬರಿದಾದುದು. ಮಳೆ ಬೆಳೆಗಳು ಮರಳಿದ ಮೇಲೆ 1891ರ ಖಾನೇಷುಮಾರಿಯು 49,43,604 ಜನರನ್ನು ಎಣಿಸಿತು. ವಲಸೆ ಹೋದವರು ಹಿಂದಿರುಗಿದುದು ಇದಕ್ಕೆ ಸ್ವಲ್ಪ ಕಾರಣವಾಗಿರಬಹುದು. ಉಳಿದುದು ತಾಯಂದಿರ ಮರುಬಸಿರಿನ ಫಲ. ಈ ಅಂಕಿಗಳನ್ನು ರಾಜ್ಯದ ಚೇತರಿಕೆಯೆಂದು ಚರಿತ್ರೆಕಾರರು ಬರೆಯುವರು. ಕೂಸನ್ನು ಹೂಳಿದ ಕೈಯಿಂದಲೇ ಮತ್ತೆ ತೊಟ್ಟಿಲು ಕಟ್ಟಿದ ಹೆಂಗಸರ ಧೈರ್ಯವು ಅಲ್ಲಿ ಅಂಕಿಯಾಗಿ ಅಡಗಿದೆ.

ಈ ಧೈರ್ಯಕ್ಕೆ ಹಳ್ಳಿಯಲ್ಲಿ ಆಸರೆಯಾಗಿ ನಿಂತವಳು ಸೂಲಗಿತ್ತಿ. ಕಳ್ಳಂಬೆಳ್ಳಕ್ಕೆ ಉತ್ತರದ ನೆರೆಸೀಮೆಯಾದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಜೀವನವು ಇದಕ್ಕೆ ಉಜ್ಜ್ವಲವಾದ ನಿದರ್ಶನ. 1920ರಲ್ಲಿ ಹುಟ್ಟಿದ ಅವರು ಅಕ್ಷರವನ್ನು ಕಲಿತವರಲ್ಲ. ಹೆರಿಗೆಯ ವಿದ್ಯೆಯನ್ನು ಅಜ್ಜಿ ಮರಿಗೆಮ್ಮನವರಿಂದಲೂ, ಬಸುರಿಯರಿಗೆ ಕೊಡುವ ಮದ್ದುಗಳ ತಿಳಿವಳಿಕೆಯನ್ನು ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದಲೂ ಪಡೆದರು. 1940ರಲ್ಲಿ ಮೊದಲ ಹೆರಿಗೆಗೆ ಕೈಯಿಟ್ಟ ಅವರು ತಮ್ಮ ಜೀವಮಾನದಲ್ಲಿ 15,000ಕ್ಕೂ ಮೇಲ್ಪಟ್ಟು ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿದರೆಂದು ಪ್ರಸಿದ್ಧಿಯಿದೆ. ತುಮಕೂರು ವಿಶ್ವವಿದ್ಯಾನಿಲಯವು 2014ರಲ್ಲಿ ಗೌರವ ಡಾಕ್ಟರೇಟನ್ನೂ, ಭಾರತ ಸರ್ಕಾರವು 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ ಅವರಿಗೆ ಸಲ್ಲಿಸಿದುವು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರು ಹೆತ್ತ ಮಕ್ಕಳು ಹನ್ನೆರಡು. ಅವರಲ್ಲಿ ನಾಲ್ವರು ಎಳೆಯತನದಲ್ಲಿಯೇ ಹೋದರು. ಮಂಚದ ಬಳಿ ಕುಳಿತ ಸೂಲಗಿತ್ತಿಯೂ ಕಳೆದುಕೊಂಡವಳೇ ಆಗಿದ್ದುದರಿಂದ, ಕಳೆದುಕೊಂಡವಳಿಗೆ ಹೇಳುವ ಸಮಾಧಾನದ ಮಾತಿಗೆ ತೂಕವಿದ್ದಿತು. ಚರಕನು ವಿಧಿಸಿದ ಮನಃಪ್ರಸನ್ನತೆಯೆಂಬ ಔಷಧವನ್ನು, ಚರಕನ ಹೆಸರನ್ನೇ ಕೇಳದ ಇಂತಹ ಹೆಂಗಸರು ಮನೆಮನೆಗೆ ಮುಟ್ಟಿಸಿದರು.

ಆದರೆ ಸೂಲಗಿತ್ತಿಯ ಕೈಗೆ ಎಟುಕದ ಕಾರಣಗಳೂ ಇದ್ದುವು. ಅವು ಒಂದೊಂದಾಗಿ ಬೆಳಕಿಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಗಿರಣಿಯ ಬಡ ಬಸುರಿಯರಲ್ಲಿ ಕಂಡ ರಕ್ತಹೀನತೆಯನ್ನು ಶೋಧಿಸಿ, ಅದು ಆಹಾರದ ಕೊರತೆಯೆಂದೂ, ಯೀಸ್ಟಿನ ಸಾರದಿಂದ ಗುಣವಾಗುವುದೆಂದೂ 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಮಿದುಳು, ಬೆನ್ನುಹುರಿಗಳು ಸರಿಯಾಗಿ ಕೂಡದ ಶಿಶುವನ್ನು ಹಿಂದೊಮ್ಮೆ ಧರಿಸಿದ್ದ ತಾಯಂದಿರು, ಮರುಬಸಿರಿಗೆ ಮೊದಲಿನಿಂದಲೇ ಈ ಆಮ್ಲವನ್ನು ಸೇವಿಸಿದರೆ, ಅದೇ ವಿಪತ್ತು ಮರುಕಳಿಸುವುದು ಸುಮಾರು ಮುಕ್ಕಾಲು ಪಾಲು ತಪ್ಪುವುದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯ ಪರೀಕ್ಷೆಯಿಂದ ಸಿದ್ಧವಾಯಿತು. ಸೊಪ್ಪು, ಕಾಳುಗಳಲ್ಲಿ ಈ ವಸ್ತುವಿದೆ. ಆದರೆ ಇಂತಹ ತಾಯಂದಿರಿಗೆ ಊಟವೊಂದೇ ಸಾಲದು, ವೈದ್ಯರು ಹೇಳಿದ ಪ್ರಮಾಣದ ಮಾತ್ರೆಯೂ ಬೇಕು.

1940ರಲ್ಲಿ ಲ್ಯಾಂಡ್‌ಸ್ಟೈನರ್, ವೀನರ್ ಎಂಬವರು ರಕ್ತದ ಆರ್‌ಎಚ್ ಗುಣವನ್ನು ಪ್ರಕಟಿಸಿದರು. ತಾಯಿಯ ರಕ್ತದಲ್ಲಿ ಈ ಗುಣವಿಲ್ಲದೆ, ಶಿಶುವಿನ ರಕ್ತದಲ್ಲಿ ಅದು ತಂದೆಯ ಕಡೆಯಿಂದ ಬಂದಿದ್ದರೆ, ಮೊದಲ ಕೂಸು ಸಾಮಾನ್ಯವಾಗಿ ಉಳಿದರೂ ಮುಂದಿನವು ಹೊಟ್ಟೆಯಲ್ಲಿಯೇ ಕೆಡುವ ಸಂಭವವುಂಟು. ಒಂದೇ ಕೂಸನ್ನು ಹೆತ್ತು ಬಳಿಕ ಕಳೆದುಕೊಳ್ಳುತ್ತ ಹೋದ ಹೆಂಗಸನ್ನು ಕಾಕವಂಧ್ಯೆಯೆಂದು ಕರೆದ ಕಾಲದಲ್ಲಿ, ಅವರಲ್ಲಿ ಕೆಲವರ ಕಷ್ಟಕ್ಕೆ ಇದೇ ಕಾರಣವಾಗಿದ್ದಿರಬಹುದು. ದೋಷವು ತಾಯಿಯದೂ ಅಲ್ಲ, ತಂದೆಯದೂ ಅಲ್ಲ. ಎರಡು ನಿರ್ದೋಷ ರಕ್ತಗಳ ಹೊಂದಾಣಿಕೆಯ ಕೊರತೆ. 1968ರಿಂದ ಬಳಕೆಗೆ ಬಂದ ಚುಚ್ಚುಮದ್ದೊಂದು ಇದನ್ನು ತಡೆಯುವುದು. ಬಸಿರು ಇಳಿದಾಗಲೂ ಆ ಮದ್ದು ಬೇಕಾಗಬಹುದಾದುದರಿಂದ, ಆಗಲೇ ರಕ್ತದ ಗುಂಪನ್ನು ತಿಳಿದುಕೊಳ್ಳತಕ್ಕದ್ದು.

ಎಲ್ಲಕ್ಕೂ ಮಿಗಿಲಾದ ಶೋಧನೆಯು ಬೀಜದ ವಿಷಯದ್ದು. ತಿಳಿದುಬಂದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ತಾವಾಗಿಯೇ ಇಳಿದುಹೋಗುವುವು. ಮೊದಲ ಮೂರು ತಿಂಗಳಲ್ಲಿ ಇಳಿಯುವುವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ, ಅಂಡ ಬೀಜಗಳು ರೂಪುಗೊಳ್ಳುವಾಗ ಇಲ್ಲವೆ ಕೂಡುವಾಗ ವರ್ಣತಂತುಗಳ ಎಣಿಕೆಯಲ್ಲಿ ಆಗುವ ಆಕಸ್ಮಿಕವಾದ ತಪ್ಪೇ ಕಾರಣ. ಹೆಂಗಸು ಕೊಡ ಎತ್ತಿದುದರಿಂದಾಗಲಿ, ಕಳೆ ಕೀಳಲು ಹೋದುದರಿಂದಾಗಲಿ, ಏನನ್ನೋ ನೋಡಿ ಬೆಚ್ಚಿದುದರಿಂದಾಗಲಿ ಆ ತಪ್ಪು ಹುಟ್ಟುವುದಿಲ್ಲ. ಒಂದು ಸಲ ಕಳೆದುಕೊಂಡವರಲ್ಲಿ ಬಹುಪಾಲು ಮಂದಿಗೆ ಮುಂದಿನ ಬಸಿರು ಸುಖವಾಗಿ ಸಾಗುವುದು. ಮೇಲಿಂದ ಮೇಲೆ ಹಾಗಾದಲ್ಲಿ ಗಂಡಹೆಂಡಿರಿಬ್ಬರೂ ಪರೀಕ್ಷೆಗೆ ಒಳಪಡುವುದು ಯುಕ್ತ.

ಎಷ್ಟು ಕಾಲ ಕಾಯಬೇಕೆಂಬ ಪ್ರಶ್ನೆಯೂ ಹಳೆಯದು. ಹೆರಿಗೆಯಾದವಳು ಒಂದೂವರೆ ತಿಂಗಳು ಸೂತಿಕೆಯೆಂದು ಸುಶ್ರುತನು ಹೇಳಿ, ಮತ್ತೆ ಋತು ಕಾಣುವ ವರೆಗೆ ಎಂಬ ಬೇರೆ ಮತವನ್ನೂ ತಿಳಿಸಿರುವನು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕರೆದ ತಜ್ಞರ ಸಭೆಯು, ಗರ್ಭಸ್ರಾವದ ಬಳಿಕ ಆರು ತಿಂಗಳಾದರೂ ತಡೆಯಬೇಕೆಂದು ಸೂಚಿಸಿತು. 2010ರಲ್ಲಿ ಪ್ರಕಟವಾದ, ಸ್ಕಾಟ್ಲೆಂಡಿನ ಮೂವತ್ತು ಸಾವಿರಕ್ಕೂ ಮಿಕ್ಕ ಸ್ತ್ರೀಯರ ವೃತ್ತಾಂತವನ್ನೊಳಗೊಂಡ ಅಧ್ಯಯನವಾದರೋ, ಆರು ತಿಂಗಳೊಳಗೆ ಮತ್ತೆ ಬಸಿರಾದವರಿಗೆ ಹೆಚ್ಚಿನ ಕೇಡಾಗಲಿಲ್ಲವೆಂದೂ, ಫಲವು ಉತ್ತಮವೇ ಆಯಿತೆಂದೂ ತೋರಿಸಿತು. ಆದುದರಿಂದ ದೇಹವು ಚೇತರಿಸಿ, ರಕ್ತ ತುಂಬಿ, ಮನಸ್ಸು ಒಪ್ಪಿದಾಗ ಎಂಬುದೇ ಇಂದಿನ ವೈದ್ಯರ ಸಾಮಾನ್ಯಾಭಿಪ್ರಾಯ. ಆ ಒಪ್ಪಿಗೆಯು ಅವಳದಾಗಿರಬೇಕು. ಅತ್ತೆಯದಾಗಲಿ, ನೆರೆಯವರದಾಗಲಿ ಅಲ್ಲ.

ಕಾಯಿದೆಯೂ ಮೆಲ್ಲಮೆಲ್ಲನೆ ಹೆಂಗಸಿನ ಪಕ್ಕಕ್ಕೆ ಬಂದಿತು. 1955ರ ಹಿಂದೂ ವಿವಾಹ ಕಾಯಿದೆಯು ಹೆಂಡತಿಯಿರುವಾಗ ಮತ್ತೊಂದು ಮದುವೆಯನ್ನು ಅಸಿಂಧುಗೊಳಿಸಿ, ಮನುವಿನ ಹತ್ತು ವರ್ಷದ ಗಡುವನ್ನು ಕೊನೆಗಾಣಿಸಿತು. 1961ರ ಹೆರಿಗೆ ಸೌಲಭ್ಯ ಕಾಯಿದೆಯು, ಅದರ ವ್ಯಾಪ್ತಿಗೆ ಬರುವ ದುಡಿಯುವ ಹೆಂಗಸಿಗೆ ಗರ್ಭಸ್ರಾವವಾದಲ್ಲಿ ಆರು ವಾರಗಳ ಸಂಬಳಸಹಿತ ರಜೆಯನ್ನು ವಿಧಿಸಿತು. 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ಸತ್ತು ಹುಟ್ಟಿದ ಶಿಶುವನ್ನೂ ದಾಖಲೆಮಾಡಬೇಕೆಂಬ ವಿಧಿ ಬಂದಿತು. ಲೆಕ್ಕಕ್ಕೆ ಬಾರದಿದ್ದ ಕೂಸುಗಳಲ್ಲಿ ಕೆಲವಾದರೂ ಲೆಕ್ಕಕ್ಕೆ ಬಂದುವು.

ಆದರೂ ಚರಿತ್ರೆಯು ಒಂದೇ ಸಮನೆ ಮುಂದಕ್ಕೆ ನಡೆಯುವುದಿಲ್ಲ. ಈ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ, ಹೆತ್ತವಳನ್ನೂ ಕೂಸನ್ನೂ ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ಇರಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿತು. ಜುಂಜಪ್ಪನಂತಹ ವೀರನ ಕಥೆಯನ್ನು ಗಣೆಯ ನಾದದೊಡನೆ ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಸಂಸ್ಕೃತಿಸಂಪನ್ನ ಜನರಲ್ಲಿಯೇ ಈ ಕಾಠಿಣ್ಯವೂ ಉಳಿದುಕೊಂಡಿತು. 2017ರ ಕರ್ನಾಟಕದ ಅಮಾನುಷ ದುಷ್ಟಪದ್ಧತಿಗಳ ನಿಷೇಧ ಕಾಯಿದೆಯು ಇಂತಹ ಬಹಿಷ್ಕಾರವನ್ನು ಅಪರಾಧವೆಂದು ಸಾರಿತು. ಹೀಗಿದ್ದರೂ 2023ರ ಜುಲೈ ತಿಂಗಳಲ್ಲಿ ತುಮಕೂರಿನ ಬಳಿಯ ಹಟ್ಟಿಯೊಂದರ ಹೊರಗೆ, ಮಳೆಚಳಿಗೆ ಸಿಕ್ಕಿದ ಎಳೆಗೂಸೊಂದು ಪ್ರಾಣಬಿಟ್ಟಿತು. ಆ ಸಾವಿಗೆ ವರ್ಣತಂತುವಿನ ತಪ್ಪಾಗಲಿ, ರಕ್ತದ ಗುಣವಾಗಲಿ ಕಾರಣವಲ್ಲ. ಬಾಗಿಲು ಮುಚ್ಚಿದುದೇ ಕಾರಣ.

ಈ ದೀರ್ಘವಾದ ವೃತ್ತಾಂತದಿಂದ ಒಂದು ತತ್ತ್ವವು ತಾನಾಗಿಯೇ ಹೊರಪಡುವುದು. ಬಸಿರು ಇಳಿಯುವುದು ಪ್ರಕೃತಿಯ ಕಾರ್ಯ. ಅದರ ಹೊಣೆಯನ್ನು ಒಬ್ಬಳ ತಲೆಗೆ ಕಟ್ಟುವುದು ಮನುಷ್ಯನ ಕಾರ್ಯ. ಮೊದಲನೆಯದನ್ನು ಪೂರ್ತಿಯಾಗಿ ತಡೆಯುವ ಶಕ್ತಿ ಇಂದಿಗೂ ಯಾರಿಗೂ ಇಲ್ಲ. ಎರಡನೆಯದನ್ನು ತಡೆಯಲು ಯಾವ ಹೊಸ ವಿದ್ಯೆಯೂ ಬೇಕಾಗಿಲ್ಲ. ಬೀಜ ಕ್ಷೇತ್ರಗಳೆರಡನ್ನೂ ಸಮನಾಗಿ ಎಣಿಸಿದ ಹಳೆಯ ವಿದ್ಯೆಯೇ ಸಾಕಾಗಿದ್ದಿತು. ಕಳೆದುಕೊಂಡವಳಿಗೆ ಒಂದಷ್ಟು ದಿನ ವಿಶ್ರಾಂತಿ, ರಕ್ತ ತುಂಬುವ ಊಟ, ತಿಳಿದ ವೈದ್ಯರ ಸಲಹೆ, ಜತೆಯಲ್ಲಿ ಆಸ್ಪತ್ರೆಗೆ ನಡೆದುಬರುವ ಗಂಡ, 'ನಿನ್ನ ತಪ್ಪಲ್ಲವಮ್ಮ' ಎನ್ನುವ ಒಬ್ಬ ಹಿರಿಯಳು, ಇಷ್ಟು ದೊರೆತರೆ ಮರುಬಸಿರಿನ ಹಾರೈಕೆಯು ಭಯದಿಂದ ಬಿಡುಗಡೆಹೊಂದಿ ಆಸೆಯಾಗಿ ಮಾತ್ರ ಉಳಿಯುವುದು. ಮತ್ತೆ ಬಸಿರಾಗಲಾರದವಳಿಗೂ, ಬೇಡವೆಂದುಕೊಂಡವಳಿಗೂ ಮನೆಯಲ್ಲಿ ಅದೇ ಸ್ಥಾನವು ಸಲ್ಲತಕ್ಕದ್ದು.